ಒಳಕೋಣೆಯ ಪಾಳಿ

ಹೇಳಿಬಿಟ್ಟರೆ ಹಗುರ. ಆದರೆ ಹಗುರಾಗುವುದು ಯಾರಿಗೆ?

ಚರ್ಚಿನ ಅಂಗಳದ ನಲ್ಲಿಯ ಮುಂದೆ ಬಸ್ ಚಾಲಕ ಕೈ ತೊಳೆಯುತ್ತಿದ್ದ. ಆಗಲೇ ತೊಳೆದಾಗಿತ್ತು, ಮತ್ತೆ ತೊಳೆಯುತ್ತಿದ್ದ. ಒಳಗೆ ಹಾಡು ಶುರುವಾಗಿತ್ತು. ಹಾಡು ಮುಗಿದರೆ ಅವನನ್ನು ಕರೆಯುತ್ತಾರೆ. ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಬೇಕು.

"ಎರಡು ಮನೆಗೂ ಸಭೆಯೆಲ್ಲ ಉಪವಾಸವಿದ್ದು ಪ್ರಾರ್ಥನೆ ಮಾಡಿದೆ," ಎಂದಿದ್ದರು ಪಾದ್ರಿ. "ಇಬ್ಬರೂ ನಿಂತು ಒಂದೊಂದು ಮಾತು ಹೇಳಿ. ಉದ್ದ ಬೇಡ. ನಿಜ ಇದ್ದರೆ ಸಾಕು."

ನಿಜ ಇದ್ದರೆ ಸಾಕಂತೆ. ಪಾದ್ರಿಗೇನು, ಹೇಳಿಬಿಟ್ಟರು.

ಎರಡು ಮನೆ ಎಂದರೆ ಚಾಲಕನದು ಮತ್ತು ಅದೇ ಬೀದಿಯ ದರ್ಜಿಯದು. ಇಬ್ಬರ ಹೆಂಡಿರಿಗೂ ಒಂದೇ ಜ್ವರ, ಒಂದೇ ಉಬ್ಬಸ, ಒಂದೇ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚ. ಉಸಿರಾಟದ ಯಂತ್ರವಿದ್ದ ಒಳಕೋಣೆಯಲ್ಲಿ ಖಾಲಿಯಾದದ್ದು ಒಂದೇ ಜಾಗ. ಪಾಳಿ ಒಬ್ಬಳದು, ಒಳಗೆ ಹೋದವಳು ಇನ್ನೊಬ್ಬಳು. ಹೋದವಳು ಬದುಕಿದಳು. ಪಾಳಿಯವಳು ಮರುದಿನ ಇರಲಿಲ್ಲ.

ಆ ಹೊತ್ತಿಗೆ ದರ್ಜಿ ಔಷಧಿ ತರಲು ಕೆಳಗೆ ಹೋಗಿದ್ದ. ನರ್ಸ್ ಚಾಲಕನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅಷ್ಟೇ.

"ಇದು ಅವರಿಗೆ ಗೊತ್ತಾಗ್ಬಾರ್ದು," ಎಂದಿದ್ದಳು ಹೆಂಡತಿ, ಉಸಿರನ್ನು ಎಳೆದೆಳೆದುಕೊಳ್ಳುತ್ತ. "ಮಾತು ಕೊಡಿ."

ಕೊಟ್ಟಿದ್ದ. ಸಾಲು ತಪ್ಪಿಸಿ ಹತ್ತಿದವರನ್ನು ಮುಲಾಜಿಲ್ಲದೆ ಬಸ್ಸಿನಿಂದ ಇಳಿಸುತ್ತಿದ್ದ ಮನುಷ್ಯ, ಅಂದು ತಾನೇ ಪಾಳಿ ತಪ್ಪಿಸಲು ತಲೆಯಾಡಿಸಿದ್ದ. ಅಂದಿನಿಂದ ಅವನು ಸ್ಟೀರಿಂಗ್ ಹಿಡಿದಿಲ್ಲ. ಈಗ ಡಿಪೋದಲ್ಲಿ ಟೈರುಗಳ ಗಾಳಿ ನೋಡುವ ಕೆಲಸ.

ಚಪ್ಪಲಿ ಬಿಡುವ ಜಾಗದಲ್ಲಿ, ತಡವಾಗಿ ಬಂದ ಹಾಡಿನ ಗುಂಪಿನ ಹಿರಿಯಾಕೆ ಇನ್ನೊಬ್ಬಳ ಕಿವಿಗೆ ಬಾಯಿ ಹಚ್ಚಿದ್ದಳು. ಆಕೆಯ ಗುಟ್ಟೆಂದರೆ ಅರ್ಧ ಬೀದಿಗೆ ಕೇಳುವಂಥದ್ದು.

"ನಂಬಿಕೆ ಗಟ್ಟಿ ಇದ್ದಿದ್ರೆ ಉಳೀತಿದ್ಲು ಕಣೇ. ಒಳಗೆ ಏನೋ ಪಾಪ ಮುಚ್ಚಿಟ್ಕೊಂಡಿರ್ಬೇಕು. ಬೆಂಕಿ ಇಲ್ದೆ ಹೊಗೆ ಆಡುತ್ತಾ?"

ಚಾಲಕನನ್ನು ಕಂಡದ್ದೇ ಆಕೆ ಸೆರಗು ಸರಿಮಾಡಿಕೊಂಡಳು. "ಏನಪ್ಪಾ ಮೌನಿ, ಇವತ್ತಾದ್ರೂ ಬಾಯಿ ಬಿಡ್ತೀಯೋ, ಇಲ್ಲ ಹಾರ್ನ್ ಹೊಡೆದು ಕೂತ್ಬಿಡ್ತೀಯೋ?"

"ನೋಡೋಣ ಅಕ್ಕಾ," ಎಂದ.

ಸತ್ತವಳು ಎದ್ದುಬಂದು ಉತ್ತರ ಕೊಡಲಾರಳು. ಕೊಡಬಲ್ಲವನು ಅವನೊಬ್ಬನೇ. ಅವನು ಬಾಯಿ ತೆರೆದರೆ ಆ ಹೆಸರಿಗೆ ಹತ್ತಿದ ಮಸಿ ಒಂದೇ ಏಟಿಗೆ ತೊಳೆದುಹೋಗುತ್ತದೆ. ಆದರೆ ಬದುಕಿದವಳು? ಇನ್ನೊಬ್ಬಳಿಗೆ ಸೇರಿದ್ದ ಉಸಿರನ್ನು ತಾನು ಎಳೆದುಕೊಳ್ಳುತ್ತಿದ್ದೇನೆ ಎಂದು ಗೊತ್ತಾದರೆ ಅವಳ ಗಂಟಲಲ್ಲಿ ತುತ್ತು ಇಳಿದೀತೇ? ಸುಳ್ಳು ಪಾಪ, ಸರಿ. ಸುಮ್ಮನಿರುವುದು? ಪ್ರಾರ್ಥನೆಯಲ್ಲಿ ಕೇಳಿ ಕೇಳಿ ದಣಿದಿದ್ದ. ದೇವರೂ ಅವನ ಹಾಗೆಯೇ, ಕಡಿಮೆ ಮಾತಿನವನು.

"ಅಣ್ಣಾ."

ದರ್ಜಿ. ಹೆಗಲ ಮೇಲೆ ಹಾಲುಗಲ್ಲದ ಮಗು. ಮಣ್ಣು ಮಾಡಿದ ದಿನದಿಂದ ಅವನು ಯಾರ ಮುಖವನ್ನೂ ನೆಟ್ಟಗೆ ನೋಡಿದವನಲ್ಲ, ಈಗಲೂ ನೋಡಲಿಲ್ಲ.

"ನನ್ ಕೈಲಿ ಮುಂದೆ ನಿಂತು ಮಾತಾಡೋಕಾಗಲ್ಲ. ನೀವು ಹೇಳಿ, ಸಾಕು."

"ಮಗು ರಾತ್ರಿ ಮಲಗುತ್ತಾ?"

"ಅದೂ ಮಲಗಲ್ಲ, ಮಲಗೋಕೂ ಬಿಡಲ್ಲ. ಹಟದಲ್ಲಿ ಥೇಟ್ ಅವರಮ್ಮ." ನಗಲು ನೋಡಿದ, ಆಗಲಿಲ್ಲ. "ಒಂದು ಕೇಳ್ಲಾ? ಅವತ್ತು ಪಾಳಿ ಅದಲುಬದಲಾಯ್ತು ಅಂತ ಆಸ್ಪತ್ರೆ ಆಯಾ ಯಾರ ಹತ್ರಾನೋ ಅಂದ್ಲಂತೆ. ನೀವು ಅಲ್ಲೇ ಇದ್ರಿ. ನಮ್ಮನೇಲಿ ದಿನಾ ಅದೇ ಕೇಳ್ತಾರೆ. ನಾನೇನು ಹೇಳ್ಲಿ?"

ಚಾಲಕ ನಲ್ಲಿಯನ್ನು ಬಿಗಿದ. ಆಗಲೇ ನಿಂತಿದ್ದ ನೀರನ್ನು ಇನ್ನೊಮ್ಮೆ ನಿಲ್ಲಿಸುವವನಂತೆ.

"ಆಸ್ಪತ್ರೆ ಸುದ್ದಿ ಅಂದ್ರೆ ಕಾಗಕ್ಕ ಗುಬ್ಬಕ್ಕನ ಕಥೆ ಕಣಯ್ಯಾ. ಯಾರನ್ನ ಕರೆದ್ರೋ ಅವರು ಒಳಗೆ ಹೋದ್ರು."

"ಅಷ್ಟೇನಾ?"

"ಅಷ್ಟೇ."

ಚರ್ಚಿನ ಅಂಗಳದಲ್ಲೇ ಹೇಳಿದ ಮಾತು.

ಹಾಡು ನಿಂತಿತು. ಪಾದ್ರಿ ಕೈ ಬೀಸಿ ಕರೆದರು. ಚಾಲಕ ಬೆಂಚುಗಳ ನಡುವೆ ನಡೆದುಹೋಗಿ ಮೈಕಿನ ಮುಂದೆ ನಿಂತ. ಬಸ್ಸಿನ ಕನ್ನಡಿಯಲ್ಲಿ ಬೆನ್ನ ಹಿಂದೆ ಕಾಣುತ್ತಿದ್ದ ಮುಖಗಳೆಲ್ಲ ಈಗ ಎದುರಿಗೆ ಕೂತಂತಿತ್ತು. ಯಾರೋ ಕೆಮ್ಮಿದರು.

"ನಂಗೆ ಮಾತು ಬರಲ್ಲ," ಎಂದ. "ಆ ವಾರ್ಡಲ್ಲಿ ದೇವರು ಇದ್ದ. ಅದಕ್ಕೆ ನಾನು ಸಾಕ್ಷಿ. ತೀರಿಕೊಂಡವಳ ನಂಬಿಕೆ ಕಡಿಮೆ ಇತ್ತು ಅಂತ ಯಾರೂ ಅನ್ಬೇಡಿ. ನಾನು ಹತ್ತಿರದಿಂದ ನೋಡಿದೀನಿ."

ಹಿರಿಯಾಕೆ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿದಳು. ದರ್ಜಿ ಬಿಕ್ಕಿದ, ಮಗು ಬೆಚ್ಚಿ ಅಳತೊಡಗಿತು. ಪಾದ್ರಿ ಮುಂದಿನ ಮಾತಿಗಾಗಿ ಕಾದರು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಒಂದೇ ವಾಕ್ಯ. ಚಾಲಕ ಮೈಕನ್ನು ಪಕ್ಕಕ್ಕೆ ಸರಿಸಿ ಕೆಳಗಿಳಿದ.

ದರ್ಜಿ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. "ಸ್ವಲ್ಪ ಹಿಡ್ಕೊಳ್ಳಿ ಅಣ್ಣಾ," ಎಂದು ಮಗುವನ್ನು ಅವನ ತೊಡೆಗೆ ದಾಟಿಸಿ ಕಣ್ಣೊರೆಸಿಕೊಂಡ. ಮಗು ಚಾಲಕನ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾಯಿತು.

ಪಾಳಿ ತನ್ನ ಹೆಂಡತಿಯದೇ ಆಗಿತ್ತು, "ಅವಳಿಗೆ ಎಳೆ ಮಗು ಇದೆ, ಮೊದಲು ಅವಳನ್ನ ಕರ್ಕೊಂಡು ಹೋಗಿ" ಎಂದು ನರ್ಸಿನ ಕೈ ಹಿಡಿದು ಬೇಡಿಕೊಂಡವಳು ಅವಳೇ ಎಂಬುದನ್ನು ಅವನು ಅಂದೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ.