ಉಳಿದ ಒಂದು ನಿಮಿಷ

ಬಾಗಿಲಿಗೆ ಚಾಚಿದ ಕೈಯನ್ನು ಮೇಷ್ಟ್ರು ಹಾಗೇ ತಡೆದರು. ಒಳಗೆ ಹೆಂಡತಿಯೂ ಮಗಳೂ ಬಿದ್ದು ಬಿದ್ದು ನಗುತ್ತಿದ್ದರು. ಮಗಳು ಗಂಟಲು ದಪ್ಪ ಮಾಡಿಕೊಂಡು ಥೇಟ್ ಅವರ ಹಾಗೇ ಹೇಳಿದಳು: "ಈ ಹೊಸ ಸೈಕಲ್ಲು ಗಾಳಿ ಸೀಳ್ಕೊಂಡು ಹೋಗುತ್ತೆ ಕಣೇ. ನಲವತ್ತು ಕಿಲೋಮೀಟರಿಗೆ ಒಂದು ನಿಮಿಷ ಉಳಿಯುತ್ತೆ."

"ಉಳಿದ ನಿಮಿಷದಲ್ಲಿ ಏನ್ ಮಾಡ್ತಾರಂತೆ ನಿಮ್ಮಪ್ಪ?"

"ನಮ್ಮನ್ನ ಬೈತಾರೆ." ಮತ್ತೆ ನಗು.

ಈ ಮನೆಯಲ್ಲಿ ಇಷ್ಟೊಂದು ನಗು ಇದೆಯೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಹಳೇ ಸೈಕಲ್ಲು ಬೀದಿಯ ತಿರುವಿನಿಂದಲೇ ಕಿರುಗುಡುತ್ತಿತ್ತು. ಅವರು ಒಳಗೆ ಕಾಲಿಡುವ ಹೊತ್ತಿಗೆ ಮನೆ ಯಾವತ್ತೂ ತಣ್ಣಗಿರುತ್ತಿತ್ತು. ಆರು ತಿಂಗಳ ಸಂಬಳ ಸುರಿದು ತಂದ ಈ ಹೊಸದು, ಮೊದಲ ದಿನವೇ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ನಿಂತಿತ್ತು.

ಅವರು ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ತಿರುವಿನವರೆಗೆ ವಾಪಸು ನಡೆದರು. ಅಲ್ಲಿಂದ ಜೋರಾಗಿ ಕೆಮ್ಮುತ್ತಾ ಬಂದರು. ಒಳಗೆ ಹೋದಾಗ ಮಗಳು ಪುಸ್ತಕ ಹಿಡಿದು ಕೂತಿದ್ದಳು.

"ಹೇಗಿದೆ ರೀ ಹೊಸ ಸೈಕಲ್ಲು? ಕೊಟ್ಟ ದುಡ್ಡಿಗೆ ಮೋಸ ಇಲ್ವಾ?" ಹೆಂಡತಿ ಕೇಳಿದಳು.

"ಮೋಸ ಇಲ್ಲ," ಎಂದರು ಮೇಷ್ಟ್ರು. "ಒಂಚೂರೂ ಸದ್ದು ಮಾಡಲ್ಲ."