ನಾಳೆ ಹೋಗೋಣಮ್ಮ

ಯಜಮಾನರ ವರ್ಷಾಬ್ದಿಕ ಹತ್ತಿರ ಬಂದಿತ್ತು. ಅವರ ಅಸ್ಥಿ ಮಾತ್ರ ಇನ್ನೂ ಸ್ಮಶಾನದ ಗೂಡಿನಲ್ಲೇ ಇತ್ತು. ಅಷ್ಟರೊಳಗೆ ಅದು ನೀರು ಸೇರದಿದ್ದರೆ ಅವರಿಗೆ ಸದ್ಗತಿಯಿಲ್ಲವೆಂದು ನಂಬಿದವಳು ನಾನು.

ಮಗ "ನಾಳೆ ಹೋಗೋಣಮ್ಮ" ಎನ್ನುತ್ತಲೇ ಇದ್ದ. ಬೈದೆ. ದೇವರ ಮುಂದೆ ಆಣೆ ಹಾಕಿಸಿದೆ.

"ಅಪ್ಪನ ಮೇಲೆ ಪ್ರೀತಿ ಇಲ್ಲ ಅಂತಲ್ಲಮ್ಮ. ಯಾಕೋ ಹೊರಡೋಕೇ ಆಗಲ್ಲ" ಎಂದ.

ಕೊನೆಗೆ ಡಾಕ್ಟರ ಬಳಿ ಹೋದೆವು.

"ಇದು ಸೋಮಾರಿತನವಲ್ಲ, ತಾಯಿ. ಎಡಿಎಚ್‌ಡಿ ಅಂತ ಇದಕ್ಕೆ ಹೆಸರು. ಮಾಡಬೇಕೆಂಬ ಆಸೆಯಿದ್ದರೂ ಮನಸ್ಸು ಕೆಲಸಕ್ಕೆ ಕೂಡಿಕೊಳ್ಳುವುದಿಲ್ಲ. ಎಷ್ಟೋ ಮಂದಿಗೆ ನಡುವಯಸ್ಸಿನಲ್ಲಿ ಗೊತ್ತಾಗುತ್ತದೆ. ವಂಶದಲ್ಲಿ ಬರುವುದೂ ಉಂಟು. ಇವರ ತಂದೆಯವರೂ ಹೀಗೇ ಇದ್ದರೇ?"

"ಎಲ್ಲಾದರೂ ಉಂಟೇ? ನಮ್ಮ ಮಾವನವರ ಅಸ್ಥಿಯನ್ನು ತಿಂಗಳು ತುಂಬುವ ಮೊದಲೇ ಒಬ್ಬರೇ ಗೋಕರ್ಣಕ್ಕೆ ಒಯ್ದು ಬಿಟ್ಟುಬಂದವರು ಅವರು."

ಮಗ ತಲೆ ತಗ್ಗಿಸಿದ. ಡಾಕ್ಟರು ಮಾತ್ರೆ ಬರೆದುಕೊಟ್ಟರು. "ನೀವೂ ಜೊತೆಗೆ ಹೋಗಿ. ಒಬ್ಬರು ಪಕ್ಕದಲ್ಲಿದ್ದರೆ ಇವರಿಗೆ ಹೊರಡುವುದು ಸುಲಭ" ಎಂದರು.

ಮರುದಿನ ಬೆಳಿಗ್ಗೆ ಅವನ ಕೈ ಹಿಡಿದುಕೊಂಡೇ ಸ್ಮಶಾನಕ್ಕೆ ನಡೆದೆ. ಕಾವಲು ಕಾಯುವ ಮುದುಕ ನಮ್ಮನ್ನು ನೋಡಿ ನಕ್ಕ.

"ಅಂತೂ ಅಮ್ಮಾರೇ ಎಳ್ಕೊಂಡು ಬರಬೇಕಾಯ್ತು."

ಗೂಡಿನ ಬೀಗ ತೆಗೆದು, ಒಳಗೆ ಬಗ್ಗಿ ಕೇಳಿದ:

"ನೀವು ಇಟ್ಟ ಮಡಕೆ ಒಂದೇ ಕೊಡ್ಲಾ ಸ್ವಾಮಿ, ಇಲ್ಲ ನಿಮ್ಮಪ್ಪಾರು ಅವರಪ್ಪಂದು ಇಟ್ಟು, 'ನಾಳೆ ಬರ್ತೀನಿ' ಅಂದು ಹೋದ್ರಲ್ಲ, ಅದನ್ನೂ ಕೊಡ್ಲಾ?"