ಎದೆಯ ಅಳತೆ

“ಚಲುವರಾಜು, ಪುಟ್ಟೇನಹಳ್ಳಿ” ಎಂದು ಕಾಂಪೌಂಡರ್ ಗುರುಶಾಂತಪ್ಪ ಡಿಸ್ಪೆನ್ಸರಿಯ ಬಾಗಿಲಲ್ಲಿ ನಿಂತು ಕೂಗಿದಾಗ ಎದ್ದು ಒಳಗೆ ಹೋದವನು ಪಿಳ್ಳಣ್ಣ. ಚಲುವರಾಜು ಬೆಂಚಿನ ಮೇಲೆಯೇ ಕೂತು ಕ್ಯಾನ್ವಾಸ್ ಶೂವಿನ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಇಬ್ಬರೂ ಫ್ಯಾಕ್ಟರಿಯ ಜೂನಿಯರ್ ಫುಟ್‌ಬಾಲ್ ಟೀಮಿಗೆ ಆಯ್ಕೆಯಾಗಿದ್ದರು. ಡಾಕ್ಟರು ಒಪ್ಪಿದರೆ ಆಟದ ಜೊತೆ ಅಪ್ರೆಂಟಿಸ್ ಕೆಲಸವೂ ಖಾತ್ರಿ. ಆದರೆ ಡಾಕ್ಟರು ಟೇಪು ಹಿಡಿದು ಎದೆ ಅಳೆಯುತ್ತಾರಂತೆ, ಉಸಿರೆಳೆದಾಗ ಎದೆ ಉಬ್ಬದಿದ್ದರೆ ಸೀದಾ ಮನೆಗಂತೆ ಎಂದು ಜಯನಗರಕ್ಕೆ ಬರುವ ಬಸ್ಸಿನಲ್ಲಿ ಯಾರೋ ಹೇಳಿದ್ದರು. ಚಲುವರಾಜು ಎಷ್ಟು ಉಸಿರೆಳೆದರೂ ಪಕ್ಕೆಲುಬುಗಳಷ್ಟೇ ಎದ್ದು ಕಾಣುತ್ತಿದ್ದವು. ಪಿಳ್ಳಣ್ಣ ಹಾಗಲ್ಲ. ಕೆರೆಯಂಗಳದಲ್ಲಿ ಅವನು ಒದ್ದ ಚೆಂಡಿಗೆ ಎದೆ ಕೊಟ್ಟವರು ಮಾರನೆಯ ದಿನವೂ ಕೆಮ್ಮುತ್ತಿದ್ದರು. “ನಿಂದೂ ನಾನೇ ಅಳೆಸ್ಕೊಂಡು ಬರ್ತೀನಿ ಬಿಡು ಮಗಾ” ಎಂದಿದ್ದ ಅವನು. “ನನ್ನ ಹೆಸರು ಕೂಗೋ ಹೊತ್ತಿಗೆ ಎಷ್ಟೋ ಎದೆ ಬಂದು ಹೋಗಿರ್ತವೆ. ಬೇರೆ ಶರ್ಟು ಹಾಕ್ಕೊಂಡು ಹೋದ್ರಾಯ್ತು.”

ಒಳಗೆ ಹೋದವರೆಲ್ಲ ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಹೊರಗೆ ಬರುತ್ತಿದ್ದರು. ಪಿಳ್ಳಣ್ಣ ಬರಲಿಲ್ಲ. ಸಿಕ್ಕಿಬಿದ್ದ ಎಂದುಕೊಂಡ ಚಲುವರಾಜು. ಗುರುಶಾಂತಪ್ಪ ಒಮ್ಮೆ ಹೊರಗೆ ಇಣುಕಿದಾಗ ಅವನು ಮತ್ತೆ ಶೂವಿನ ಲೇಸಿಗೆ ಬಗ್ಗಿದ. ಕೊನೆಗೆ ಪಿಳ್ಳಣ್ಣ ಶರ್ಟನ್ನು ಹೆಗಲಿಗೆ ಹಾಕಿಕೊಂಡು ಬಂದು, ಅವನ ರಟ್ಟೆ ಹಿಡಿದು ಕಟ್ಟಡದ ಹಿಂದಕ್ಕೆ ಎಳೆದೊಯ್ದ.

“ಟೇಪೇ ಇಲ್ಲ ಗುರು. ಬರೀ ಸ್ಟೆತಸ್ಕೋಪು.”

“ಮತ್ತೆ ಇಷ್ಟೊತ್ತು?”

“ಮಲಗಿಸಿದ್ರು. ಎಡಕ್ಕೆ ತಿರುಗು ಅಂದ್ರು. ಕೂತು ಏಳು ಅಂದ್ರು. ರೇಡಿಯೋ ನಾಟಕ ಕೇಳೋ ಹಂಗೆ ಕಣ್ಣು ಮುಚ್ಕೊಂಡು ಕೇಳ್ತಾನೇ ಇದ್ರು. ನಿನ್ನ ಗುಂಡಿಗೇಲಿ ಏನೋ ಸದ್ದು ಬರ್ತಿದೆಯಂತೆ. ಇನ್ಮೇಲೆ ಚೆಂಡು ಮುಟ್ಟಬಾರದಂತೆ. ನಾಳೆ ನಿಮ್ಮಪ್ಪನ್ನ ಕರ್ಕೊಂಡು ದೊಡ್ಡಾಸ್ಪತ್ರೆಗೆ ಹೋಗ್ಬೇಕಂತೆ.”

“ಫೇಲಾ?”

“ನೀನು ಫೇಲು. ಸಾರಿ ಮಗಾ.”

ಚಲುವರಾಜುವಿಗೆ ಮೊದಲು ಬಂದದ್ದು ಸಿಟ್ಟು. ತಾನೇ ಹೋಗಿದ್ದರೆ ಪಾಸಾಗುತ್ತಿದ್ದೆ. ಅವ್ವ ಆಗಲೇ ಬೀದಿಗೆಲ್ಲ ಕೆಲಸದ ಸುದ್ದಿ ಹೇಳಿಯಾಗಿತ್ತು. ಆಮೇಲೆ ಅವನ ಕಣ್ಣು ಪಿಳ್ಳಣ್ಣನ ಬರಿಯ ಎದೆಯ ಮೇಲೆ ನಿಂತಿತು. ಎಡಗಡೆ, ಪಕ್ಕೆಗೆ ಹತ್ತಿರದಲ್ಲಿ, ಚರ್ಮವನ್ನು ಒಳಗಿನಿಂದ ಏನೋ ತಟ್ಟುತ್ತಿತ್ತು. ಇಷ್ಟು ವರ್ಷ ಜೊತೆಗೆ ಆಡಿದರೂ ಅದನ್ನು ಅವನು ನೋಡಿರಲಿಲ್ಲ. ಯುಗಾದಿಯ ಮ್ಯಾಚು ಗೆದ್ದ ಗಲಾಟೆಯಲ್ಲಿ ಪಿಳ್ಳಣ್ಣ ಗೋಲ್‌ಪೋಸ್ಟ್ ಹಿಡಿದು ಕುಕ್ಕರಿಸಿದ್ದ. ತುಟಿ ನೀಲಿಯಾಗಿತ್ತು. ಕೇಳಿದ್ದಕ್ಕೆ, ನೇರಳೆ ಹಣ್ಣು ತಿಂದೆ ಎಂದಿದ್ದ. ಯುಗಾದಿಗೆ ಎಲ್ಲಿಯ ನೇರಳೆ ಹಣ್ಣು?

“ಸದ್ದಿರೋದು ನಿನ್ನೆದೇಲಿ ಕಣೋ.”

“ಹೆಸರು ನಿಂದು ತಾನೆ?”

“ತಮಾಷೆ ಮಾಡ್ಬೇಡ ಪಿಳ್ಳ. ಬಾ, ಡಾಕ್ಟರಿಗೆ ನಿಜ ಹೇಳೋಣ.”

“ಹೇಳು.” ಪಿಳ್ಳಣ್ಣನ ನಗು ಹೋಗಿತ್ತು. “ನಿನ್ನ ಮತ್ತೆ ನೋಡ್ತಾರೆ. ಪಾಸ್ ಮಾಡ್ತಾರೆ. ನಿನಗೆ ಕೆಲಸ ಸಿಗುತ್ತೆ. ನಾನು ನಮ್ಮಪ್ಪನ ಜೊತೆ ಸೊಪ್ಪಿನ ಗಾಡಿ ತಳ್ಕೊಂಡಿರ್ತೀನಿ.”

“ಜೀವ ಹೋದ್ರೆ?”

“ಗಾಡಿ ತಳ್ಳಿದ್ರೆ ಹೋಗಲ್ವಾ? ಅದಕ್ಕೆ ಯಾವ ಡಾಕ್ಟರು ಬಂದು ಎದೆ ನೋಡ್ತಾರೆ ಹೇಳು.”

ಚಲುವರಾಜು ಡಾಕ್ಟರ ಕೋಣೆಯ ಕಡೆಗೆ ಹೆಜ್ಜೆಯಿಟ್ಟ. ನಿಜ ಹೇಳಿದರೆ ಲಾಭ ತನಗೇ. ಅಷ್ಟು ಹೊಳೆದದ್ದೇ, ಇಟ್ಟ ಹೆಜ್ಜೆಯನ್ನು ಹಿಂದೆಗೆದ.

“ಪಿಳ್ಳಣ್ಣ. ಪುಟ್ಟೇನಹಳ್ಳಿ ಪಿಳ್ಳಣ್ಣ ಎಲ್ಲಯ್ಯ?” ಬಾಗಿಲ ಕಡೆಯಿಂದ ಗುರುಶಾಂತಪ್ಪನ ದನಿ ಕೇಳಿಸಿತು.

ಪಿಳ್ಳಣ್ಣ ಗೋಡೆಯ ಬುಡದಲ್ಲಿ ಯಾರೋ ಬಿಟ್ಟಿದ್ದ ಚೆಂಡನ್ನು ಕಾಲಿಂದ ಎಳೆದುಕೊಂಡ. “ನನ್ನ ಹೆಸರಲ್ಲಿ ನೀನು ಹೋಗು. ಒಬ್ಬರಿಗಾದ್ರೂ ಸಿಗ್ಲಿ. ಟೇಪಿಲ್ಲ, ಹೆದರ್ಕೋಬೇಡ” ಎಂದು ಬೆನ್ನ ಮೇಲೆ ಕೈಯಿಟ್ಟು ತಳ್ಳಿದ. ಆ ಕೈ ತಣ್ಣಗಿತ್ತು.

ಡಾಕ್ಟರು ತಲೆ ಎತ್ತಲಿಲ್ಲ. “ಹೆಸರು?”

ಹಿಂದಿನ ಗೋಡೆಗೆ ಧಡ್ ಎಂದು ಚೆಂಡು ಬಡಿಯಿತು. ಕಿಟಕಿಯ ಗಾಜು ನಡುಗಿತು. ಮತ್ತೊಮ್ಮೆ ಬಡಿಯಿತು. ತಾನು ಹೊರಗಿದ್ದೇನೆ, ಗಟ್ಟಿಯಾಗಿದ್ದೇನೆ ಎಂದು ಪಿಳ್ಳಣ್ಣ ಹೇಳಿ ಕಳಿಸುತ್ತಿರುವಂತಿತ್ತು.

“ಯಾರಯ್ಯ ಅದು?” ಎಂದರು ಡಾಕ್ಟರು.

“ಆಟದ ಹುಡುಗರು ಸಾರ್” ಎಂದ ಗುರುಶಾಂತಪ್ಪ.

“ನಿನ್ನ ಹೆಸರಯ್ಯ?”

“ಪಿಳ್ಳಣ್ಣ” ಎಂದ ಚಲುವರಾಜು.

ಸ್ಟೆತಸ್ಕೋಪಿನ ತಣ್ಣನೆಯ ಬಿಲ್ಲೆ ಎದೆಗೆ ತಗುಲಿತು. ಉಸಿರು ಬಿಗಿಹಿಡಿ ಎಂದರು ಡಾಕ್ಟರು. ಅವನು ಹಿಡಿದ. ಅವರು ಅವನ ಎದೆಯನ್ನು ಆಲಿಸುತ್ತಿದ್ದರು, ಅವನು ಗೋಡೆಯನ್ನು. ಧಡ್. ಧಡ್. ಆಮೇಲಿನದು ಸ್ವಲ್ಪ ತಡವಾಗಿ, ಮೆಲ್ಲಗೆ. ಆಮೇಲೆ ಚೆಂಡು ಎಲ್ಲೋ ಉರುಳಿಕೊಂಡು ಹೋದ ಸದ್ದು.

“ಗಟ್ಟಿ ಗುಂಡಿಗೆ ಕಣಯ್ಯ ನಿಂದು” ಎಂದರು ಡಾಕ್ಟರು, ಕಿವಿಯಿಂದ ನಳಿಗೆ ತೆಗೆಯುತ್ತ. “ಸಾಕು, ಉಸಿರು ಬಿಡು.”

ಚಲುವರಾಜು ಬಿಡಲಿಲ್ಲ. ಗೋಡೆಯಾಚೆಯಿಂದ ಮುಂದಿನ ಸದ್ದು ಇನ್ನೂ ಬಂದಿರಲಿಲ್ಲ.